ಮನೆಗಿಂತ ಮೊದಲು ಬಂದ ಸಾಲ: ಟೆಕ್ಸಸ್‌ನ ‘ಮಡ್’ ತೆರಿಗೆಯ ಹಿನ್ನೆಲೆ

ಹ್ಯೂಸ್ಟನ್‌ನ ಪಶ್ಚಿಮಕ್ಕೆ, ಕೇಟಿ ಕಡೆಯ ಹೊಸ ಲೇಔಟ್‌ನಲ್ಲಿ ಮನೆ ಕೊಂಡವರಿಗೆ ವರ್ಷದ ಕೊನೆಯಲ್ಲಿ ಆಸ್ತಿ ತೆರಿಗೆಯ ಬಿಲ್ಲುಗಳು ಬರುತ್ತವೆ. ನಮ್ಮ ಜಿಲ್ಲೆಯಂಥ ಕೌಂಟಿಗೆ ಒಂದಿಷ್ಟು, ಶಾಲಾ ಡಿಸ್ಟ್ರಿಕ್ಟ್‌ಗೆ ದೊಡ್ಡ ಪಾಲು, ಆಂಬುಲೆನ್ಸ್ ಮತ್ತು ಅಗ್ನಿಶಾಮಕ ನಡೆಸುವ ತುರ್ತು ಸೇವಾ ಡಿಸ್ಟ್ರಿಕ್ಟ್‌ಗೆ ಸ್ವಲ್ಪ. ಇವುಗಳ ಜೊತೆಗೆ, ಹಲವೆಡೆ ಬೇರೆಯೇ ಲಕೋಟೆಯಲ್ಲಿ, ‘ಮ್ಯುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ ನಂಬರ್ ಇಂತಿಷ್ಟು’ ಎಂಬ ಬಿಲ್ಲು. ಬಾಯಿಮಾತಿನಲ್ಲಿ ಎಲ್ಲರೂ ಇದನ್ನು ‘ಮಡ್’ ಅನ್ನುತ್ತಾರೆ. ಲೇಔಟ್‌ಗೆ ನೀರು, ಒಳಚರಂಡಿ ಒದಗಿಸುವ ಸಂಸ್ಥೆ ಅದು. ದರ 100 ಡಾಲರ್ ಮೌಲ್ಯಕ್ಕೆ 1 ಡಾಲರ್ ಇದ್ದರೆ, 4 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 4,000 ಡಾಲರ್. ನೀರಿನ ಬಿಲ್ಲು ಇದರಲ್ಲಿ ಸೇರಿಲ್ಲ. ನಿವಾಸಿಗಳ ಸಂಘದ ವಂತಿಗೆಯೂ ಸೇರಿಲ್ಲ.

ಇಲ್ಲಿ ಡಿಸ್ಟ್ರಿಕ್ಟ್ ಎಂದರೆ ಡಿಸಿ ಕೂರುವ ಜಿಲ್ಲೆ ಅಲ್ಲ. ಒಂದೋ ಎರಡೋ ಕೆಲಸಕ್ಕೆಂದು ಹುಟ್ಟಿದ, ತೆರಿಗೆ ಹಾಕುವ ಮತ್ತು ಸಾಲ ಎತ್ತುವ ಅಧಿಕಾರವಿರುವ ಪುಟ್ಟ ಸರ್ಕಾರ ಅದು. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಕ್ಕೆ ಹೋಲಿಸಲು ಮನಸ್ಸಾಗಬಹುದು. ಆದರೆ ಸಂಘಕ್ಕೆ ತೆರಿಗೆ ವಿಧಿಸುವ ಶಕ್ತಿಯಿಲ್ಲ, ಮಡ್‌ಗೆ ಇದೆ. ಅಮೆರಿಕದ 2022ರ ಸರ್ಕಾರಗಳ ಗಣತಿಯಲ್ಲಿ ಇಂಥ ವಿಶೇಷ ಡಿಸ್ಟ್ರಿಕ್ಟ್‌ಗಳು 39 ಸಾವಿರಕ್ಕೂ ಹೆಚ್ಚು ಸಿಕ್ಕವು. ನಗರಸಭೆಗಳ ಸಂಖ್ಯೆ ಅದರ ಅರ್ಧದಷ್ಟಿದೆ, ಅಷ್ಟೆ.

ಇದರ ಬೇರು ಇರುವುದು ಹೊಲದಲ್ಲಿ. ಕ್ಯಾಲಿಫೋರ್ನಿಯಾ 1887ರಲ್ಲಿ ರೈಟ್ ಕಾಯ್ದೆ ತಂದು, ರೈತರೇ ಸೇರಿ ನೀರಾವರಿ ಡಿಸ್ಟ್ರಿಕ್ಟ್ ಕಟ್ಟಿಕೊಂಡು ಸಾಲ ಎತ್ತಲು ದಾರಿ ಮಾಡಿತು. ಅದೇ ವರ್ಷ ಟರ್ಲಾಕ್‌ನಲ್ಲಿ ಮೊದಲನೆಯದು ಹುಟ್ಟಿತು. ಟೆಕ್ಸಸ್ 1904ರಲ್ಲಿ ತನ್ನ ರಾಜ್ಯ ಸಂವಿಧಾನ ತಿದ್ದಿ ನೀರಿನ ಡಿಸ್ಟ್ರಿಕ್ಟ್‌ಗಳಿಗೆ ಅನುಮತಿ ಕೊಟ್ಟಿತಾದರೂ ಕೈ ಕಟ್ಟಿಯೇ ಕೊಟ್ಟಿತು: ಸಾಲ ಅಲ್ಲಿನ ಆಸ್ತಿ ಮೌಲ್ಯದ ನಾಲ್ಕನೇ ಒಂದು ಭಾಗ ಮೀರುವಂತಿಲ್ಲ. ಆಮೇಲೆ 1913 ಮತ್ತು 1914ರಲ್ಲಿ ಬ್ರಾಜೋಸ್ ನದಿ ಉಕ್ಕಿ ಹರಿಯಿತು, ಹಿಂದೆಯೇ ಬರ ಬಂತು. 1917ರ ಆಗಸ್ಟ್‌ನಲ್ಲಿ ಮತದಾರರು ‘ಸಂರಕ್ಷಣಾ ತಿದ್ದುಪಡಿ’ಗೆ ಒಪ್ಪಿಗೆ ಕೊಟ್ಟರು. ಸಂವಿಧಾನದ 16ನೇ ವಿಧಿಯ 59ನೇ ಸೆಕ್ಷನ್ ಅದು. ಸಾಲದ ಮಿತಿ ಹೋಯಿತು. ಪ್ರವಾಹ ತಡೆಯಲು, ಗದ್ದೆಗೆ ನೀರುಣಿಸಲು ತೆರೆದ ಬಾಗಿಲು ಮುಂದೆ ಮನೆ ಕಟ್ಟುವವರ ಹೆಬ್ಬಾಗಿಲಾಗುತ್ತದೆ ಎಂದು ಆಗ ಯಾರೂ ಎಣಿಸಿರಲಿಕ್ಕಿಲ್ಲ.

ಎರಡನೇ ಮಹಾಯುದ್ಧದ ನಂತರ ಹ್ಯೂಸ್ಟನ್ ಊರಾಚೆಗೆ ಹಬ್ಬಿತು. ಟೆಕ್ಸಸ್‌ನಲ್ಲಿ ಕೌಂಟಿಯ ಕೈ ಸಣ್ಣದು. ರಸ್ತೆ, ಶೆರಿಫ್, ಕೋರ್ಟು ನೋಡಿಕೊಳ್ಳುತ್ತದೆ. ಊರಿಗೆ ನೀರು, ಒಳಚರಂಡಿ ಕೊಡುವ ಕೆಲಸ ಅದು ಸಾಮಾನ್ಯವಾಗಿ ಮಾಡುವುದಿಲ್ಲ. ನಗರ ಸರ್ಕಾರಕ್ಕೂ ಖಾಲಿ ಹೊಲಕ್ಕೆ ಪೈಪ್ ಎಳೆಯಲು ಆಸಕ್ತಿಯಿರಲಿಲ್ಲ. ಹೀಗಾಗಿ ಡೆವಲಪರ್‌ಗಳು ಹಳೆಯ ನೀರಿನ ಡಿಸ್ಟ್ರಿಕ್ಟ್ ಕಾನೂನುಗಳನ್ನೇ ಹಿಡಿದುಕೊಂಡು ಕೊಳವೆಬಾವಿ, ಶುದ್ಧೀಕರಣ ಘಟಕ ಕಟ್ಟಿದರು. 1963ರಲ್ಲಿ ನಗರಗಳಿಗೆ ತಮ್ಮ ಗಡಿಯಾಚೆಗೂ ಒಂದಿಷ್ಟು ಹಿಡಿತವಿರುವ ನೆಲದ ಪಟ್ಟಿ ಸಿಕ್ಕಿತು, ‘ಇಟಿಜೆ’ ಎಂದು ಅದರ ಹೆಸರು. ದೊಡ್ಡ ನಗರಕ್ಕೆ 5 ಮೈಲಿ ಅಗಲ. 1971ರಲ್ಲಿ ಶಾಸನಸಭೆ ನೀರಿನ ಸಂಹಿತೆಗೆ 54ನೇ ಅಧ್ಯಾಯ ಸೇರಿಸಿತು. ಮಡ್ ಎಂಬ ಹೆಸರು, ಆಕಾರ ಎರಡೂ ಬಂದದ್ದು ಆಗ.

ಮಡ್ ಹುಟ್ಟುವ ಬಗೆ ಹೀಗೆ. ಒಂದು ಜಾಗದ ಭೂಮಿಯ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಯಾರ ಕೈಯಲ್ಲಿದೆಯೋ ಅವರು ಅರ್ಜಿ ಹಾಕುತ್ತಾರೆ. ಸಾಮಾನ್ಯವಾಗಿ ಅದು ಒಬ್ಬನೇ ಡೆವಲಪರ್. ಜಾಗ ನಗರದ ಇಟಿಜೆಯಲ್ಲಿದ್ದರೆ ನಗರದ ಒಪ್ಪಿಗೆ ಬೇಕು; ನಗರ ಒಪ್ಪಿಗೆಯನ್ನೂ ಕೊಡದೆ, ನೀರನ್ನೂ ಕೊಡದೆ ಕಾಲ ತಳ್ಳಿದರೆ ಕಾನೂನು ಅದನ್ನು ದಾಟಿ ಹೋಗಲು ಬಿಡುತ್ತದೆ. ರಾಜ್ಯದ ಪರಿಸರ ಆಯೋಗ 5 ಮಂದಿ ತಾತ್ಕಾಲಿಕ ನಿರ್ದೇಶಕರನ್ನು ನೇಮಿಸುತ್ತದೆ, ಇಲ್ಲವೇ ಶಾಸನಸಭೆ ಪ್ರತ್ಯೇಕ ಕಾಯ್ದೆಯಿಂದಲೇ ಮಡ್ ಸೃಷ್ಟಿಸುತ್ತದೆ. ನಿರ್ದೇಶಕರಾಗಲು ಆ ಜಾಗದಲ್ಲಿ ಜಮೀನಿರಬೇಕು ಅಥವಾ ಅಲ್ಲಿಯ ಮತದಾರರಾಗಿರಬೇಕು. ಜನವೇ ಇಲ್ಲದ ಹೊಲದಲ್ಲಿ ಇದು ಹೇಗೆ? ಡೆವಲಪರ್ ಒಬ್ಬೊಬ್ಬರ ಹೆಸರಿಗೂ ಚೂರು ಚೂರು ಜಮೀನು ಬರೆದುಕೊಡುತ್ತಾನೆ.

ಇನ್ನು ಚುನಾವಣೆ. ಮಡ್ ಇರಲಿ ಎಂದು ಖಾತರಿ ಮಾಡಲು, ಬಾಂಡ್ ಮೂಲಕ ಸಾಲ ಎತ್ತಲು ಮತದಾರರ ಒಪ್ಪಿಗೆ ಬೇಕೇ ಬೇಕು. ಹೊಲದ ಅಂಚಿನಲ್ಲಿ ಒಂದು ಟ್ರೇಲರ್ ಮನೆ ನಿಲ್ಲಿಸಿ, ಅದರಲ್ಲಿ ಒಂದೋ ಎರಡೋ ಕುಟುಂಬ ಇಳಿಸಿ, ಅವರ ಹೆಸರು ಮತದಾರರ ಪಟ್ಟಿಗೆ ಸೇರಿಸುವುದು ಟೆಕ್ಸಸ್‌ನಲ್ಲಿ ಪಳಗಿದ ಪದ್ಧತಿ. ಬೆರಳೆಣಿಕೆಯ ಮತಗಳಿಂದ ಕೋಟಿಗಟ್ಟಲೆ ಡಾಲರ್ ಬಾಂಡ್‌ಗೆ ಮಂಜೂರಾತಿ ಸಿಗುತ್ತದೆ, ಅದೂ ಮುಂದಿನ ಹಲವು ವರ್ಷಗಳಿಗೆ ಬೇಕಾಗುವಷ್ಟು. ಮನೆ ಕೊಳ್ಳುವವರು ಬರುವ ಹೊತ್ತಿಗೆ ಮತ ಮುಗಿದಿರುತ್ತದೆ, ಕಂತು ಬಾಕಿಯಿರುತ್ತದೆ. ಈ ವ್ಯವಸ್ಥೆಯ ಎಲ್ಲ ಜಗಳಗಳ ಮೂಲ ಇದೇ ಎಂದರೆ ತಪ್ಪಾಗದು.

ಆದರೆ ದುಡ್ಡಿನ ಲೆಕ್ಕದಲ್ಲಿ ಜಾಣತನವಿದೆ, ಒಪ್ಪಿಕೊಳ್ಳಬೇಕು. ನೀರಿನ ಕೊಳವೆ, ಒಳಚರಂಡಿ, ಮಳೆನೀರು ತಡೆದಿಡುವ ಹೊಂಡ, ಇವೆಲ್ಲವನ್ನೂ ಡೆವಲಪರ್ ಮೊದಲು ತನ್ನ ಹಣದಲ್ಲಿ ಮಾಡುತ್ತಾನೆ. ಮನೆಗಳು ಎದ್ದು ತೆರಿಗೆಯ ಬುಡ ಗಟ್ಟಿಯಾದ ಮೇಲೆ ಮಡ್ ಬಾಂಡ್ ಮಾರುತ್ತದೆ. ಆ ಹಣ ಡೆವಲಪರ್‌ನ ಖರ್ಚಿಗೆ ಮರುಪಾವತಿಯಾಗಿ ಹೋಗುತ್ತದೆ. ಸ್ಥಳೀಯ ಸರ್ಕಾರದ ಬಾಂಡ್ ಆದ್ದರಿಂದ ಅದರ ಬಡ್ಡಿಗೆ ಕೇಂದ್ರದ ಆದಾಯ ತೆರಿಗೆಯಿಲ್ಲ, ಹಾಗಾಗಿ ಬಡ್ಡಿದರ ಕಡಿಮೆ. ಬ್ಯಾಂಕಿನಿಂದ ತಂದಿದ್ದರೆ ಅದೇ ಖರ್ಚು ಮನೆಯ ಬೆಲೆಯಲ್ಲಿ ಸೇರಿ, ಗೃಹಸಾಲದ ಬಡ್ಡಿ ಹೊತ್ತು ಬರುತ್ತಿತ್ತು. ಮಡ್ ಇಲ್ಲದಿದ್ದರೆ ಮನೆ ಅಗ್ಗವಾಗುತ್ತಿತ್ತು ಅನ್ನುವವರು ಈ ಅರ್ಧವನ್ನು ಮರೆಯುತ್ತಾರೆ.

ಮಡ್‌ಗೆ ಬಹುಪಾಲು ತನ್ನದೇ ಕಚೇರಿ, ನೌಕರರು ಇರುವುದಿಲ್ಲ. ವಕೀಲರು, ಎಂಜಿನಿಯರ್, ಲೆಕ್ಕ ಬರೆಯುವವರು, ತೆರಿಗೆ ವಸೂಲಿಯವರು, ಬಾಂಡ್ ಸಲಹೆಗಾರರು, ಪಂಪ್ ನೋಡಿಕೊಳ್ಳುವ ಆಪರೇಟರ್, ಎಲ್ಲರೂ ಗುತ್ತಿಗೆಯವರೇ. ಒಂದೇ ವಕೀಲರ ಸಂಸ್ಥೆ ಹತ್ತಾರು ಮಡ್‌ಗಳನ್ನು ನೋಡಿಕೊಳ್ಳುವುದೂ ಉಂಟು. ರಾತ್ರಿ ಚರಂಡಿ ಉಕ್ಕಿದರೆ ಫೋನ್ ಮಾಡಬೇಕಾದದ್ದು ಆಪರೇಟರ್‌ಗೆ. ಆ ನಂಬರ್ ನೀರಿನ ಬಿಲ್ಲಿನ ಮೇಲೆಯೇ ಇರುತ್ತದೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು 1980ರ ದಶಕ ತೋರಿಸಿತು. 1986ರಲ್ಲಿ ತೈಲದ ಬೆಲೆ ಕುಸಿಯಿತು, ಹ್ಯೂಸ್ಟನ್‌ನಲ್ಲಿ ಮನೆ ಕೊಳ್ಳುವವರು ಇಲ್ಲದಾದರು. 1,000 ಮನೆ ಬರುತ್ತವೆಂದು ಸಾಲ ಎತ್ತಿದ ಕಡೆ 200 ಮನೆ ಬಂದರೆ, ಅದೇ ಕಂತು ಆ 200 ಮನೆಗಳ ತಲೆಗೆ ಹಂಚಿಕೆಯಾಗುತ್ತದೆ, ಅಂದರೆ ಐದು ಪಟ್ಟು. ದರ ಏರಿದಂತೆ ಮನೆಯ ಬೆಲೆ ಬೀಳುತ್ತದೆ, ಬೆಲೆ ಬಿದ್ದಂತೆ ದರ ಮತ್ತೆ ಏರಬೇಕಾಗುತ್ತದೆ. ಹಲವು ಮಡ್‌ಗಳು ಬಾಂಡ್ ಕಂತು ಕಟ್ಟಲಾಗದೆ ಕೈಚೆಲ್ಲಿದವು, ಕೆಲವು ದಿವಾಳಿ ಕಾನೂನಿನ 9ನೇ ಅಧ್ಯಾಯದ ಮೊರೆ ಹೋದವು. ಆಮೇಲೆ ನಿಯಮ ಬಿಗಿಯಾಯಿತು. ಮೊದಲ ಬಾಂಡ್ ಮಾರುವ ಮುನ್ನ ಪೈಪು, ರಸ್ತೆ ಹೆಚ್ಚುಕಡಿಮೆ ಮುಗಿದಿರಬೇಕು. ಅಂದಾಜು ಮಾಡಿದ ಕಟ್ಟಡಗಳ ಮೌಲ್ಯದಲ್ಲಿ ನಾಲ್ಕನೇ ಒಂದು ಭಾಗವಾದರೂ ನೆಲದ ಮೇಲೆ ನಿಂತಿರಬೇಕು. ಖರ್ಚಿನಲ್ಲಿ ಶೇ 30ರಷ್ಟು ಡೆವಲಪರ್‌ನದೇ ಎಂಬ ನಿಯಮವೂ ಇದೆ, ಸಾಲದ ಪ್ರಮಾಣ ಕಡಿಮೆಯಿದ್ದರೆ ಅದಕ್ಕೆ ವಿನಾಯಿತಿಯೂ ಇದೆ. ಮನೆ ಏಳದಿದ್ದರೆ ಮೊದಲು ಪೆಟ್ಟು ತಿನ್ನುವವನು ಈಗ ಡೆವಲಪರ್. ಮೊದಲು ಅದನ್ನು ತಿನ್ನುತ್ತಿದ್ದದ್ದು ಆ 200 ಮನೆಯವರು.

ಮಡ್‌ನ ಆಯುಸ್ಸು ಎಷ್ಟು? ಹಿಂದಿನ ಲೆಕ್ಕದಲ್ಲಿ ನಗರ ಅದನ್ನು ನುಂಗುವವರೆಗೆ. ಸಾಲ ಕರಗಿ ಆಸ್ತಿ ಬೆಳೆದಾಗ ನಗರ ಬಂದು ಸೇರಿಸಿಕೊಳ್ಳುತ್ತಿತ್ತು. ಉಳಿದ ಸಾಲ ತಾನು ಹೊತ್ತು ಮಡ್ ಮುಚ್ಚುತ್ತಿತ್ತು. ನಿವಾಸಿಗಳ ಮಾತು ಕೇಳಬೇಕಾಗಿರಲಿಲ್ಲ. 1996ರಲ್ಲಿ ಹ್ಯೂಸ್ಟನ್ ಕಿಂಗ್‌ವುಡ್ ಅನ್ನು ಹೀಗೆ ಎಳೆದುಕೊಂಡಾಗ ಅಲ್ಲಿಯವರು ಕೋರ್ಟಿಗೂ ಹೋದರು, ತಡೆಯಲಾಗಲಿಲ್ಲ. ಸಿಟ್ಟು ಮಾತ್ರ ಶಾಸನಸಭೆ ತಲುಪಿತು. 1999ರ ಕಾನೂನು ಸೇರ್ಪಡೆಗೆ 3 ವರ್ಷ ಮೊದಲೇ ಯೋಜನೆ ಪ್ರಕಟಿಸಬೇಕೆಂದಿತು, 2017ರದು ದೊಡ್ಡ ಕೌಂಟಿಗಳಲ್ಲಿ ನಿವಾಸಿಗಳ ಒಪ್ಪಿಗೆ ಬೇಕೆಂದಿತು, 2019ರಲ್ಲಿ ಅದು ರಾಜ್ಯಕ್ಕೆಲ್ಲ ಹಬ್ಬಿತು. ಭಾರತೀಯರು ಬಹಳವಿರುವ ಶುಗರ್ ಲ್ಯಾಂಡ್ ನಗರ ಗ್ರೇಟ್‌ವುಡ್, ನ್ಯೂ ಟೆರಿಟರಿ ಬಡಾವಣೆಗಳನ್ನು ಸೇರಿಸಿಕೊಂಡದ್ದು 2017ರ ಡಿಸೆಂಬರ್‌ನಲ್ಲಿ. ಈಗ ಹುಟ್ಟುವ ಮಡ್ ಬಹುಶಃ ಮಡ್ ಆಗಿಯೇ ಉಳಿಯುತ್ತದೆ. ಹ್ಯೂಸ್ಟನ್ ಬೇರೆ ದಾರಿ ಹಿಡಿದಿದೆ: ಮಡ್ ಜೊತೆ ಒಪ್ಪಂದ ಮಾಡಿಕೊಂಡು ಅಂಗಡಿ ಸಾಲುಗಳನ್ನು ಮಾತ್ರ ಸೀಮಿತವಾಗಿ ಸೇರಿಸಿಕೊಂಡು, ಮಾರಾಟ ತೆರಿಗೆಯನ್ನು ಇಬ್ಬರೂ ಹಂಚಿಕೊಳ್ಳುವುದು.

ನೀರಿನ ಬಿಲ್ಲಿನಲ್ಲೂ ಒಂದು ಚರಿತ್ರೆ ಅಡಗಿದೆ. ನೂರಾರು ಡಿಸ್ಟ್ರಿಕ್ಟ್‌ಗಳು, ಕಾರ್ಖಾನೆಗಳು, ನಗರಗಳು ಒಂದೇ ಅಂತರ್ಜಲ ಹೀರಿದ್ದರಿಂದ ನೆಲವೇ ಕುಸಿಯಿತು. ಪಸಡೀನಾ, ಬೇಟೌನ್ ಸುತ್ತ 10 ಅಡಿಯವರೆಗೂ. ಬೇಟೌನ್‌ನ ಬ್ರೌನ್‌ವುಡ್ ಬಡಾವಣೆ ಸಮುದ್ರಮಟ್ಟಕ್ಕೆ ಇಳಿಯುತ್ತ ಹೋಗಿ, 1983ರ ಅಲಿಶಿಯಾ ಚಂಡಮಾರುತದ ನಂತರ ಪಾಳುಬಿತ್ತು. ಕುಸಿತ ತಡೆಯಲೆಂದೇ 1975ರಲ್ಲಿ ಇನ್ನೊಂದು ಡಿಸ್ಟ್ರಿಕ್ಟ್ ಹುಟ್ಟಿತು, ಹ್ಯಾರಿಸ್ ಮತ್ತು ಗ್ಯಾಲ್ವೆಸ್ಟನ್ ಕೌಂಟಿಗಳಿಗೆ. ಕೊಳವೆಬಾವಿ ಬಿಟ್ಟು ನದಿ, ಕೆರೆ ನೀರಿಗೆ ಬನ್ನಿ ಎಂಬುದು ಅದರ ಆಜ್ಞೆ. ಆ ನೀರು ತರಲು ಪ್ರಾದೇಶಿಕ ಪ್ರಾಧಿಕಾರಗಳು ಬಂದವು. ಅವು ಪ್ರತಿ 1,000 ಗ್ಯಾಲನ್‌ಗೆ ಇಷ್ಟೆಂದು ಮಡ್‌ನಿಂದ ಶುಲ್ಕ ವಸೂಲು ಮಾಡುತ್ತವೆ, ಮಡ್ ಅದನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸುತ್ತದೆ. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ನೀರು ಬಿಟ್ಟವರಿಗೆ ಈ ಸಾಲು, ನೀರಿನ ದರಕ್ಕಿಂತ ದೊಡ್ಡದಾಗಿ ಕಾಣುವುದೂ ಇದೆ.

ಬೇರೆ ರಾಜ್ಯಗಳಲ್ಲಿ ಇದೇ ವಿಚಾರ ಬೇರೆ ವೇಷದಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಷನ್ 13 ಆಸ್ತಿ ತೆರಿಗೆಗೆ ಕಡಿವಾಣ ಹಾಕಿದ ಮೇಲೆ 1982ರಲ್ಲಿ, ಇಂಥದೇ ಡಿಸ್ಟ್ರಿಕ್ಟ್ ಕಟ್ಟಿ ಸಾಲ ಎತ್ತಲು ಬಿಡುವ ಮೆಲ್ಲೋ-ರೂಸ್ ಕಾಯ್ದೆ ಬಂತು. 12ಕ್ಕಿಂತ ಕಡಿಮೆ ಮತದಾರರಿದ್ದರೆ ಅಲ್ಲಿ ಭೂಮಾಲೀಕರೇ ಎಕರೆ ಲೆಕ್ಕದಲ್ಲಿ ಮತ ಹಾಕುತ್ತಾರೆ. ಫ್ಲೋರಿಡಾ 1980ರ ಕಾಯ್ದೆಯಲ್ಲಿ ಎಕರೆಗೊಂದು ಮತ ಎಂದು ನೇರವಾಗಿಯೇ ಬರೆದುಕೊಂಡಿದೆ. ಸಾಮಾನ್ಯವಾಗಿ 6 ವರ್ಷ ಕಳೆದು 250 ಮತದಾರರಾದ ಮೇಲೆ ನಿವಾಸಿಗಳ ಸರದಿ ಶುರು. ಟ್ರೇಲರ್ ನಾಟಕಕ್ಕಿಂತ ಇದು ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ಟೆಕ್ಸಸ್‌ನಲ್ಲಿ ಮನೆ ನೋಡುತ್ತಿರುವವರಿಗೆ ಬೇಕಾದ ಕಾಗದ ಒಂದಿದೆ, ‘ಖರೀದಿದಾರರಿಗೆ ಸೂಚನೆ’. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮಾರುವವರು ಕೊಡಬೇಕು. ಕೊಡದಿದ್ದರೆ ಕೊಳ್ಳುವವರು ಒಪ್ಪಂದ ಮುರಿಯಬಹುದು. ದರ ನೋಡಿ ಕೆಳಗಿಡಬೇಡಿ. ಮತದಾರರು ಮಂಜೂರು ಮಾಡಿದ ಬಾಂಡ್ ಎಷ್ಟು, ಈವರೆಗೆ ಮಾರಿದ್ದು ಎಷ್ಟು ಎಂಬ ಎರಡು ಅಂಕಿಗಳ ಅಂತರ ನೋಡಿ: ಇನ್ನೂ ಎತ್ತಬಹುದಾದ ಸಾಲ ಅದು. ದರದಲ್ಲಿ ಸಾಲದ ಕಂತಿಗೆಷ್ಟು, ನಿರ್ವಹಣೆಗೆಷ್ಟು ಎಂದು ಬಿಡಿಸಿ ಕೇಳಿ. ಡೆವಲಪರ್‌ಗೆ ಕೊಡಬೇಕಾದ ಬಾಕಿ ವಾರ್ಷಿಕ ಆಡಿಟ್ ವರದಿಯಲ್ಲಿರುತ್ತದೆ. ಬಾಕಿ ದೊಡ್ಡದಿದ್ದು ಖಾಲಿ ನಿವೇಶನ ಕಡಿಮೆಯಿದ್ದರೆ ದರ ಬೇಗ ಇಳಿಯುವ ಆಸೆ ಬೇಡ. ಮಾಲೀಕ ವಾಸದ ಮನೆಗೆ ಶಾಲಾ ತೆರಿಗೆಯಲ್ಲಿ ಸಿಗುವ ದೊಡ್ಡ ವಿನಾಯಿತಿ ಮಡ್ ತೆರಿಗೆಗೆ ತಾನಾಗಿ ಅನ್ವಯಿಸುವುದಿಲ್ಲ. ಕೊಡುವುದು ಬಿಡುವುದು ಆಯಾ ಮಡ್‌ನ ನಿರ್ದೇಶಕ ಮಂಡಳಿಗೆ ಬಿಟ್ಟದ್ದು.

ಹೊಸ ಮನೆಯವರು ಎಡವುವುದು ಎರಡನೇ ವರ್ಷ. ತೆರಿಗೆಗೆ ಮೌಲ್ಯ ಕಟ್ಟುವುದು ಜನವರಿ 1ಕ್ಕೆ. ಆ ದಿನ ಬರೀ ಸೈಟಿದ್ದು ಆಗಸ್ಟ್‌ನಲ್ಲಿ ಮನೆ ಕೈಗೆ ಬಂದರೆ ಮೊದಲ ಬಿಲ್ಲು ಸೈಟಿನದು ಮಾತ್ರ. ಸೈಟು 80 ಸಾವಿರ ಡಾಲರ್, ಎಲ್ಲ ದರ ಸೇರಿ ಶೇ 2.8 ಎಂದಿಟ್ಟುಕೊಳ್ಳಿ: 2,240 ಡಾಲರ್. ಮುಂದಿನ ವರ್ಷ ಮನೆ ಸೇರಿ 4 ಲಕ್ಷವಾದರೆ, ವಿನಾಯಿತಿ ಬಿಟ್ಟು, 11,200. ಬ್ಯಾಂಕು ಹಳೆಯ ಬಿಲ್ಲಿನ ಲೆಕ್ಕದಲ್ಲಿ ತೆರಿಗೆಗೆಂದು ಕಂತಿನ ಜೊತೆ ಹಣ ಕೂಡಿಡುವ ಎಸ್ಕ್ರೋ ಖಾತೆಗೆ ತಿಂಗಳಿಗೆ 187 ಡಾಲರ್ ಹಿಡಿದಿದ್ದರೆ 8,960 ಡಾಲರ್ ಕೊರತೆ ಬೀಳುತ್ತದೆ. ಆಮೇಲೆ ತಿಂಗಳ ಕಂತು 747 ಡಾಲರ್ ಏರುತ್ತದೆ, ಹಳೆಯ ಕೊರತೆ ತುಂಬಲು ಒಂದು ವರ್ಷ ಇನ್ನೊಂದು 747. ಪೂರ್ತಿ ಮೌಲ್ಯದ ಮೇಲೆ ಎಸ್ಕ್ರೋ ಹಿಡಿಯಿರಿ ಎಂದು ಗೃಹಸಾಲದ ಕಾಗದಪತ್ರಕ್ಕೆ ಸಹಿ ಹಾಕುವ ದಿನವೇ ಕೇಳುವುದು, ಇಲ್ಲವೇ ವ್ಯತ್ಯಾಸವನ್ನು ಬೇರೆ ತೆಗೆದಿಡುವುದು ಇದಕ್ಕಿರುವ ಮದ್ದು.

ಮಂಡಳಿಯ ಐವರಿಗೆ 4 ವರ್ಷದ ಅವಧಿ. ಸ್ಪರ್ಧೆಯೇ ಇಲ್ಲದಿದ್ದರೆ ಚುನಾವಣೆ ರದ್ದಾಗುತ್ತದೆ, ಹಾಗೆ ಆಗುವುದೇ ಹೆಚ್ಚು. ಮತ ಹಾಕಲು ಅಮೆರಿಕದ ಪೌರತ್ವ ಬೇಕು. ಎಚ್-1ಬಿ ವೀಸಾದಲ್ಲಿದ್ದು ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ಕನ್ನಡಿಗರು ಪೂರ್ತಿ ತೆರಿಗೆ ಕಟ್ಟುತ್ತಾರೆ, ಮತ ಇಲ್ಲ. ಆದರೆ ಸಭೆ ಎಲ್ಲರಿಗೂ ಮುಕ್ತ, ಅಲ್ಲಿ ಎದ್ದು ಮಾತಾಡಲು ಪೌರತ್ವ ಬೇಡ. ತೊಡಕೆಂದರೆ ಸಭೆ ಎಷ್ಟೋ ಸಲ ಮೈಲಿಗಟ್ಟಲೆ ದೂರದ ವಕೀಲರ ಕಚೇರಿಯಲ್ಲಿ, ಕೆಲಸದ ದಿನ ಮಧ್ಯಾಹ್ನ ನಡೆಯುತ್ತದೆ. ಇದಕ್ಕೂ ನೀರಿನ ಸಂಹಿತೆಯಲ್ಲಿ ದಾರಿಯಿದೆ: ಕನಿಷ್ಠ 50 ಮತದಾರರು ವಾಸಿಸುವ ಮಡ್‌ನಲ್ಲಿ ಅವರ ಪೈಕಿ 5 ಮಂದಿ ಬರೆದು ಕೇಳಿದರೆ, ತಕ್ಕ ಜಾಗವಿದ್ದಲ್ಲಿ, ಮಂಡಳಿ ಸಭೆಯನ್ನು ಮಡ್‌ನ ಗಡಿಯೊಳಗೇ ತರಬೇಕು. ಪೌರತ್ವ ಪಡೆದ ಐದು ಮನೆಯವರು ಒಂದು ಹಾಳೆಗೆ ಸಹಿ ಹಾಕಿದರಾಯಿತು.