ಒಂದು ಸರ್ವರ್ ಬಿದ್ದ ದಿನದ ಲೆಕ್ಕ: ಹೈಪರ್-ಕನ್ವರ್ಜ್ಡ್ ವ್ಯವಸ್ಥೆಗಳನ್ನು ತೂಗಿ ನೋಡುವ ಬಗೆ

ನಾಲ್ಕು ಸರ್ವರ್, ಒಂದೊಂದರಲ್ಲೂ 3.84 ಟಿಬಿಯ ಆರು ಎನ್‌ವಿಎಂಇ (ವೇಗದ ಫ್ಲ್ಯಾಶ್) ಡಿಸ್ಕ್, ಒಟ್ಟು 92 ಟಿಬಿ. ಜಿಲ್ಲಾ ಕೇಂದ್ರದ ಆಸ್ಪತ್ರೆಗಾಗಲಿ, ಪಟ್ಟಣ ಸಹಕಾರಿ ಬ್ಯಾಂಕಿಗಾಗಲಿ, ಸಕ್ಕರೆ ಕಾರ್ಖಾನೆಗಾಗಲಿ ಬರುವ ಹೈಪರ್-ಕನ್ವರ್ಜ್ಡ್ ವ್ಯವಸ್ಥೆಯ ಕೊಟೇಶನ್ ಸುಮಾರು ಹೀಗೇ ಇರುತ್ತದೆ. ಹೈಪರ್-ಕನ್ವರ್ಜ್ಡ್ ಎಂದರೆ ಬೇರೆ ಸ್ಟೋರೇಜ್ ಪೆಟ್ಟಿಗೆ ಇಲ್ಲದೆ, ಸರ್ವರ್‌ಗಳೊಳಗಿನ ಡಿಸ್ಕ್‌ಗಳನ್ನೇ ಸಾಫ್ಟ್‌ವೇರ್ ಒಂದು ಕೊಳವಾಗಿ ಕೂಡಿಸಿ ವಿಎಂಗಳಿಗೆ (ಸರ್ವರ್ ಒಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಕಂಪ್ಯೂಟರ್‌ಗಳಿಗೆ) ಕೊಡುವುದು. ಈ 92ರಲ್ಲಿ ನಿಶ್ಚಿಂತೆಯಿಂದ ಬಳಸಬಹುದಾದದ್ದು 27ರ ಆಸುಪಾಸು.

ಲೆಕ್ಕ ಕಷ್ಟದ್ದೇನಲ್ಲ. ಡಿಸ್ಕ್ ತಯಾರಕರು ಟಿಬಿಯನ್ನು ಸಾವಿರದ ಗುಣಕದಲ್ಲಿ ಎಣಿಸುತ್ತಾರೆ, ಸಾಫ್ಟ್‌ವೇರ್ 1024ರ ಗುಣಕದಲ್ಲಿ, ಅಂದರೆ ಟೆಬಿಬೈಟ್‌ನಲ್ಲಿ ಎಣಿಸುತ್ತದೆ. ಹಾಗಾಗಿ 3.84 ಟಿಬಿಯ ಡಿಸ್ಕ್ ಪರದೆಯ ಮೇಲೆ 3.49 ಎಂದು ಕಾಣುತ್ತದೆ, 24 ಡಿಸ್ಕ್ ಸೇರಿ 83.8. ಒಂದು ಸರ್ವರ್ ಕೆಟ್ಟರೂ ಅದರಲ್ಲಿದ್ದ ಡೇಟಾ ಉಳಿದ ಮೂರರಲ್ಲಿ ಹಿಡಿಸಬೇಕು. ಹಾಗಾಗಿ ಎಣಿಕೆಗೆ ಸಿಗುವುದು ಮೂರೇ ಸರ್ವರ್, 62.9. ಪ್ರತಿ ತುಂಡು ಡೇಟಾವನ್ನೂ ಎರಡು ಕಡೆ ಬರೆಯುವುದರಿಂದ ಅದು 31.4 ಆಗುತ್ತದೆ. ಡಿಸ್ಕ್ ಪೂರ್ತಿ ತುಂಬಿದರೆ ವ್ಯವಸ್ಥೆಗೆ ಉಸಿರಾಡಲು ಜಾಗ ಇರುವುದಿಲ್ಲ; 15 ಶೇಕಡಾ ಖಾಲಿ ಬಿಟ್ಟರೆ 26.7. ಮೂರು ಪ್ರತಿ ಇಡುವ ವ್ಯವಸ್ಥೆಯಾದರೆ 17.8 ಮಾತ್ರ. ಡಿಡ್ಯೂಪ್ (ಒಂದೇ ಡೇಟಾ ಮತ್ತೆ ಮತ್ತೆ ಬಂದರೆ ಒಮ್ಮೆ ಮಾತ್ರ ಇಡುವುದು), ಕಂಪ್ರೆಶನ್ (ಕುಗ್ಗಿಸಿಡುವುದು) ಹಾಕಿದರೆ ಮೂರು ಪಟ್ಟು, ನಾಲ್ಕು ಪಟ್ಟು ಸಿಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಮೊದಲೇ ಕುಗ್ಗಿಸಿಟ್ಟ ಎಕ್ಸ್‌ರೇ ಚಿತ್ರ, ಸಿಸಿಟಿವಿ ದೃಶ್ಯ, ಎನ್‌ಕ್ರಿಪ್ಟ್ ಆದ ಡೇಟಾಬೇಸ್ ಇವುಗಳಲ್ಲಿ ಆ ಲಾಭ ಹೆಚ್ಚುಕಮ್ಮಿ ಸೊನ್ನೆ. ಅದನ್ನು ಲೆಕ್ಕಕ್ಕೆ ಸೇರಿಸದೆ ಖರೀದಿಸಿ, ಆಮೇಲೆ ಸಿಕ್ಕರೆ ಸಿಗಲಿ.

ಎಲ್ಲವೂ ಸರಿಯಿರುವ ದಿನ ಮಾರುಕಟ್ಟೆಯ ಯಾವ ವ್ಯವಸ್ಥೆಯೂ ಚೆನ್ನಾಗಿಯೇ ಓಡುತ್ತದೆ, ಡೆಮೊದಲ್ಲಿ ಕಾಣುವುದೂ ಆ ದಿನವೇ. ಒಂದಕ್ಕೊಂದು ಎಲ್ಲಿ ಬೇರೆಯಾಗುತ್ತವೆ ಎಂಬುದು ಒಂದು ಸರ್ವರ್ ಬಿದ್ದಾಗ ತಿಳಿಯುತ್ತದೆ. ಬೀಳುವುದೆಂದರೆ ಕೆಡುವುದಷ್ಟೇ ಆಗಬೇಕಿಲ್ಲ. ಪ್ಯಾಚ್ ಹಾಕಲು ಸರ್ವರನ್ನು ಕೆಳಗಿಳಿಸಿದಾಗಲೆಲ್ಲ ಅದೇ ಸ್ಥಿತಿ, ವರ್ಷಕ್ಕೆ ಹಲವು ಸಲ.

ವಿಎಂವೇರ್‌ನ ವಿ-ಸ್ಯಾನ್ 2014ರಲ್ಲಿ ಬಂತು. ಹೈಪರ್‌ವೈಸರ್‌ನ (ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್‌ನ) ಕರ್ನಲ್ ಎಂಬ ತಿರುಳಿನೊಳಗೇ ಕೆಲಸ ಮಾಡುತ್ತದೆ, ಅದಕ್ಕೆಂದು ಬೇರೆ ವಿಎಂ ಬೇಡ. ಹಳೆಯ ವಿನ್ಯಾಸದಲ್ಲಿ ಡಿಸ್ಕ್ ಗ್ರೂಪ್ ಎಂಬುದೊಂದಿದೆ: ಬರಹವನ್ನು ಮೊದಲು ಹಿಡಿದಿಡುವ ಒಂದು ಕ್ಯಾಶ್ ಡಿಸ್ಕ್, ಅದರ ಹಿಂದೆ ಡೇಟಾ ಉಳಿಯುವ ಗರಿಷ್ಠ ಏಳು ಕೆಪಾಸಿಟಿ ಡಿಸ್ಕ್. ಆ ಒಂದು ಕ್ಯಾಶ್ ಡಿಸ್ಕ್ ಸತ್ತರೆ ಇಡೀ ಗ್ರೂಪ್ ಹೊರಗೆ. ಡಿಡ್ಯೂಪ್ ಹಾಕಿದ್ದರೆ ಯಾವುದೇ ಒಂದು ಡಿಸ್ಕ್ ಸತ್ತರೂ ಅದೇ ಗತಿ. ಆದ್ದರಿಂದ ಸರ್ವರ್‌ಗೆ ಒಂದೇ ದೊಡ್ಡ ಗ್ರೂಪ್ ಮಾಡದೆ ಎರಡು ಚಿಕ್ಕ ಗ್ರೂಪ್ ಮಾಡುವುದು ಒಳ್ಳೆಯದು. 2022ರ ಎಂಟನೇ ಆವೃತ್ತಿಯೊಂದಿಗೆ ಬಂದ ಇಎಸ್‌ಎ ವಿನ್ಯಾಸದಲ್ಲಿ ಈ ಗ್ರೂಪ್‌ಗಳೇ ಇಲ್ಲ. ಹೊಸದಾಗಿ ಕೊಳ್ಳುವವರು ಹಳೆಯ ವಿನ್ಯಾಸಕ್ಕೆ ಹೋಗಲು ಕಾರಣವೇ ಉಳಿದಿಲ್ಲ.

ವಿ-ಸ್ಯಾನ್‌ನಲ್ಲಿ ಒಂದು ಸರ್ವರ್ ಸದ್ದಿಲ್ಲದೆ ಮಾಯವಾದರೆ, ರೀಬೂಟ್ ಆಗಿ ಮರಳಿ ಬರಬಹುದೆಂದು ಅದು 60 ನಿಮಿಷ ಕಾಯುತ್ತದೆ. ಆಮೇಲಷ್ಟೇ ಮರುನಿರ್ಮಾಣ ಶುರು. ಎರಡು ಪ್ರತಿಗಳ ವ್ಯವಸ್ಥೆಯಲ್ಲಿ ಆ ಒಂದು ಗಂಟೆ ಸಾಕಷ್ಟು ಡೇಟಾ ಒಂಟಿ ಪ್ರತಿಯ ಮೇಲೆ ನಿಂತಿರುತ್ತದೆ. ಇನ್ನೊಂದು ಮಾತು ಕೊಟೇಶನ್‌ನಲ್ಲಿ ಬರೆದಿರುವುದಿಲ್ಲ: ಎರಡು ಪ್ರತಿ ಮತ್ತು ಯಾವ ಪ್ರತಿ ಸರಿಯೆಂದು ತೀರ್ಮಾನಿಸಲು ನೆರವಾಗುವ ಒಂದು ಸಾಕ್ಷಿ ತುಣುಕು ಮೂರು ಬೇರೆ ಬೇರೆ ಸರ್ವರ್‌ಗಳಲ್ಲಿ ಇರಲೇಬೇಕು. ಮೂರೇ ಸರ್ವರ್ ಕೊಂಡಿದ್ದರೆ, ಒಂದು ಬಿದ್ದಾಗ ಮರುನಿರ್ಮಾಣಕ್ಕೆ ಜಾಗವೆಷ್ಟಿದ್ದರೂ ನೆಲೆಯಿಲ್ಲ. ರಿಪೇರಿ ಆಗುವವರೆಗೆ ಹಾಗೇ ಕಾಯಬೇಕು. ನಾಲ್ಕನೆಯ ಸರ್ವರ್ ಕೊಳ್ಳಬೇಕಾದದ್ದು ಇದಕ್ಕಾಗಿ.

ನುಟಾನಿಕ್ಸ್ 2009ರಲ್ಲಿ ಧೀರಜ್ ಪಾಂಡೆ, ಮೋಹಿತ್ ಆರೋನ್, ಅಜೀತ್ ಸಿಂಗ್ ಕಟ್ಟಿದ ಕಂಪನಿ. ಪ್ರತಿ ಸರ್ವರ್‌ನಲ್ಲೂ ಕಂಟ್ರೋಲರ್ ವಿಎಂ ಒಂದು ಕೂತು ಡಿಸ್ಕ್‌ಗಳನ್ನು ನೋಡಿಕೊಳ್ಳುತ್ತದೆ. ಅದರ ಬೆಲೆ ಮೆಮೊರಿ ಮತ್ತು ಕೋರ್: ಸರ್ವರ್‌ಗೆ 32 ಜಿಬಿ, ಎಂಟು ವರ್ಚುವಲ್ ಸಿಪಿಯು ಎಂದು ಹಿಡಿದರೂ ನಾಲ್ಕು ಸರ್ವರ್‌ಗೆ 128 ಜಿಬಿ ಹೋಯಿತು, ದೊಡ್ಡ ಡಿಸ್ಕ್‌ಗಳಿದ್ದರೆ ಇನ್ನೂ ಹೆಚ್ಚು. ಲಾಭವೂ ಇದೆ. ವಿಎಂ ಯಾವ ಸರ್ವರ್‌ನಲ್ಲಿ ಓಡುತ್ತದೆಯೋ ಅದರ ಡೇಟಾದ ಒಂದು ಪ್ರತಿ ಅಲ್ಲೇ ಇರುವಂತೆ ಅದು ನೋಡಿಕೊಳ್ಳುತ್ತದೆ. ಓದುವ ಕೆಲಸ ಸಾಮಾನ್ಯವಾಗಿ ನೆಟ್‌ವರ್ಕ್ ಹತ್ತುವುದಿಲ್ಲ. ಕಂಟ್ರೋಲರ್ ವಿಎಂ ಸತ್ತರೆ ಆ ಸರ್ವರ್‌ನ ಓದು-ಬರಹ ಪಕ್ಕದ ಕಂಟ್ರೋಲರ್‌ಗೆ ತಿರುಗುತ್ತದೆ, ವಿಎಂ ನಿಲ್ಲುವುದಿಲ್ಲ. ಡಿಸ್ಕ್ ಕೆಟ್ಟರೆ ಕಾಯದೆ ಮರುನಿರ್ಮಾಣಕ್ಕೆ ಕೈಹಾಕುತ್ತದೆ, ಆ ಕೆಲಸದಲ್ಲಿ ಎಲ್ಲ ಸರ್ವರ್‌ಗಳೂ ಪಾಲು ಹೊರುತ್ತವೆ. ಮೂರು ಪ್ರತಿ ಬೇಕೆಂದರೆ ಮಾತ್ರ ಕನಿಷ್ಠ ಐದು ಸರ್ವರ್ ಬೇಕು.

ಮೈಕ್ರೋಸಾಫ್ಟ್‌ನ ಆಜೂರ್ ಸ್ಟ್ಯಾಕ್ ಎಚ್‌ಸಿಐ 2024ರ ನವೆಂಬರ್‌ನಿಂದ ಆಜೂರ್ ಲೋಕಲ್ ಎಂಬ ಹೆಸರಿನಲ್ಲಿದೆ. ಒಳಗಿರುವುದು ವಿಂಡೋಸ್ ಸರ್ವರ್ 2016ರಲ್ಲೇ ಬಂದ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್. ಮೂರು ಸರ್ವರ್‌ನಿಂದ ಮೇಲೆ ಮೂರು ಪ್ರತಿ ಇಡುವುದು ಇಲ್ಲಿನ ರೂಢಿ. ಸುರಕ್ಷತೆ ಚೆನ್ನ, ಜಾಗ ಮೂರನೇ ಒಂದು ಪಾಲು. ಡಿಸ್ಕ್‌ಗಳ ಕೊಳದಲ್ಲಿ (ಪೂಲ್) ಸರ್ವರ್‌ಗೆ ಒಂದು ಡಿಸ್ಕ್‌ನಷ್ಟು, ಒಟ್ಟು ನಾಲ್ಕರವರೆಗೆ, ವಾಲ್ಯೂಮ್ (ವಿಎಂಗಳಿಗೆ ಕೊಡುವ ಜಾಗದ ಪಾಲು) ಮಾಡದೆ ಖಾಲಿ ಬಿಡಬೇಕು. ಇದನ್ನು ಮರೆತು ಎಲ್ಲ ಜಾಗವನ್ನೂ ವಾಲ್ಯೂಮ್ ಮಾಡಿದ ಕಡೆ, ಡಿಸ್ಕ್ ಕೆಟ್ಟಾಗ ರಿಪೇರಿ ಕೆಲಸ ಮುಂದೆ ಹೋಗದೆ ನಿಲ್ಲುತ್ತದೆ. ಎರಡನೆಯ ಎಡವಟ್ಟು ಇದಕ್ಕಿಂತ ಸೂಕ್ಷ್ಮ. ವಾಲ್ಯೂಮ್‌ನ ಒಡೆತನ ಒಂದು ಸರ್ವರ್‌ನಲ್ಲಿ, ಅದನ್ನು ಬಳಸುವ ವಿಎಂ ಇನ್ನೊಂದರಲ್ಲಿ ಇದ್ದರೆ, ಆರ್‌ಇಎಫ್‌ಎಸ್ ಫೈಲ್ ಸಿಸ್ಟಂನಲ್ಲಿ ಓದು-ಬರಹವೆಲ್ಲ ಒಡೆಯ ಸರ್ವರ್ ಮೂಲಕ ಸುತ್ತಿ ಹೋಗುತ್ತದೆ. ಪ್ಯಾಚ್ ಹಾಕುವಾಗ ವಿಎಂಗಳು ಅತ್ತಿತ್ತ ಹೋಗಿ, ಮರುದಿನದಿಂದ "ಸಿಸ್ಟಂ ಸ್ಲೋ" ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಸರ್ವರ್‌ಗೊಂದು ವಾಲ್ಯೂಮ್ ಮಾಡಿ, ವಿಎಂ ಮತ್ತು ವಾಲ್ಯೂಮ್ ಒಂದೇ ಕಡೆ ಇರುವಂತೆ ನೋಡಿಕೊಳ್ಳಿ. ಜೊತೆಗೆ, 30 ದಿನಕ್ಕೊಮ್ಮೆಯಾದರೂ ಕ್ಲಸ್ಟರ್ (ಸರ್ವರ್‌ಗಳ ಈ ಕೂಟ) ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಆಜೂರ್‌ಗೆ ಹಾಜರಿ ಹಾಕಬೇಕು. ತಪ್ಪಿದರೆ ಇರುವ ವಿಎಂಗಳು ಓಡುತ್ತವೆ, ಹೊಸತನ್ನು ಮಾಡಲಾಗುವುದಿಲ್ಲ. ಹೊರಗಿನ ಇಂಟರ್ನೆಟ್ಟಿಗೆ ಕಟ್ಟುನಿಟ್ಟಾಗಿ ಬಾಗಿಲು ಹಾಕಿದ ಜಾಲಗಳಿಗೆ ಇದು ದೊಡ್ಡ ಪ್ರಶ್ನೆ.

ನಾಲ್ಕನೆಯದು ಪ್ರಾಕ್ಸ್‌ಮಾಕ್ಸ್ ಎಂಬ ವಿಎಂ ಓಡಿಸುವ ಸಾಫ್ಟ್‌ವೇರ್ ಮೇಲೆ ಸೆಫ್ ಎಂಬ ಸ್ಟೋರೇಜ್ ಸಾಫ್ಟ್‌ವೇರ್. ಓಪನ್ ಸೋರ್ಸ್, ಬೆಂಬಲ ಬೇಕಾದರೆ ಸಿಪಿಯು ಸಾಕೆಟ್ ಲೆಕ್ಕದಲ್ಲಿ ಚಂದಾ. ಲಿನಕ್ಸ್ ಚೆನ್ನಾಗಿ ಬಲ್ಲ ಇಬ್ಬರಾದರೂ ಕೈಯಳತೆಯಲ್ಲಿದ್ದರೆ ನಾವು ಧೈರ್ಯವಾಗಿ ಸೂಚಿಸುವ ವ್ಯವಸ್ಥೆ. ಒಬ್ಬರೇ ಇದ್ದು ಅವರೂ ರಜೆಗೆ ಹೋಗುವವರಾದರೆ ಬೇಡ. ಇಲ್ಲೂ ಮೂಲ ಹೊಂದಿಕೆ ಮೂರು ಪ್ರತಿ. ಎರಡಕ್ಕಿಂತ ಕಡಿಮೆಯಾದರೆ ಆ ಭಾಗದ ಓದು-ಬರಹ ನಿಲ್ಲುತ್ತದೆ. ಜಾಗ ಉಳಿಸಲೆಂದು ಪ್ರತಿಗಳನ್ನು ಎರಡಕ್ಕೆ, ಈ ಕನಿಷ್ಠವನ್ನು ಒಂದಕ್ಕೆ ಇಳಿಸುವವರಿದ್ದಾರೆ. ದಯವಿಟ್ಟು ಇಳಿಸಬೇಡಿ. ಒಂದೇ ಪ್ರತಿಯ ಮೇಲೆ ಬರಹ ನಡೆಯುತ್ತಿರುವಾಗ ಆ ಡಿಸ್ಕ್ ಹೋದರೆ ಡೇಟಾ ಹೋಯಿತು, ಅಷ್ಟೆ.

ಸೆಫ್‌ನಲ್ಲಿ ನಾವು ಪದೇ ಪದೇ ಕಾಣುವ ಅಪಘಾತ ಚಿಕ್ಕ ಕ್ಲಸ್ಟರ್‌ಗಳದು. ಮೂರು ಸರ್ವರ್, ತಲಾ ಎರಡೇ ದೊಡ್ಡ ಡಿಸ್ಕ್, ಬಳಕೆ 50 ಶೇಕಡಾ. ನೋಡುವವರಿಗೆ ಅರ್ಧ ಖಾಲಿ. ಒಂದು ಡಿಸ್ಕ್ ಸಾಯುತ್ತದೆ. ಮೂರು ಪ್ರತಿ ಮೂರು ಸರ್ವರ್‌ಗಳಲ್ಲೇ ಇರಬೇಕಾದ್ದರಿಂದ ಸತ್ತ ಡಿಸ್ಕ್‌ನ ಡೇಟಾಗೆ ಬೇರೆ ಸರ್ವರ್‌ನಲ್ಲಿ ಜಾಗವಿಲ್ಲ, ಅದೇ ಸರ್ವರ್‌ನ ಇನ್ನೊಂದು ಡಿಸ್ಕ್ ಮೇಲೇ ಬಂದು ಬೀಳುತ್ತದೆ. 50ರ ಮೇಲೆ 50. 85ರಲ್ಲಿ ಎಚ್ಚರಿಕೆ, 90ರಲ್ಲಿ ಮರುನಿರ್ಮಾಣ ಸ್ಥಗಿತ. ಸಾಮಾನ್ಯ ಬರಹಗಳಿಂದ ಅದು 95 ಮುಟ್ಟಿದರೆ ಬರಹವೇ ಬಂದ್. ಎರಡು ದೊಡ್ಡ ಡಿಸ್ಕ್‌ಗಿಂತ ಆರು ಚಿಕ್ಕ ಡಿಸ್ಕ್ ಲೇಸು. ಡಿಸ್ಕ್‌ಗೆ 4 ಜಿಬಿಯಂತೆ ಮೆಮೊರಿಯನ್ನೂ ಸೆಫ್‌ಗೆಂದು ಎತ್ತಿಡಿ. ವಿದ್ಯುತ್ ಹೋದಾಗ ಕೈಯಲ್ಲಿದ್ದ ಬರಹವನ್ನು ಉಳಿಸುವ ಕೆಪಾಸಿಟರ್ ಇರುವ ಎಂಟರ್‌ಪ್ರೈಸ್ ಎಸ್‌ಎಸ್‌ಡಿಗಳನ್ನೇ ಹಾಕಿ. ಲ್ಯಾಪ್‌ಟಾಪ್‌ಗೆ ಹಾಕುವ ಅಗ್ಗದ ಎಸ್‌ಎಸ್‌ಡಿ ಪೆಟ್ಟಿಗೆಯ ಮೇಲಿನ ವೇಗ ಎಷ್ಟೇ ಇರಲಿ, ಸೆಫ್‌ನ ಸಿಂಕ್ ಬರಹದಲ್ಲಿ (ಡಿಸ್ಕ್‌ಗೆ ಬರೆದದ್ದು ಖಚಿತವಾಗುವವರೆಗೆ ಕಾಯುವ ಬರಹದಲ್ಲಿ) ತೆವಳುತ್ತದೆ.

ಇನ್ನು ನೆಟ್‌ವರ್ಕ್. ಪ್ರತಿ ಬರಹವೂ ಇನ್ನೊಂದು ಸರ್ವರ್ ತಲುಪಿ "ಬರೆದಾಯಿತು" ಎಂಬ ಉತ್ತರ ಬಂದ ಮೇಲಷ್ಟೇ ಮುಗಿಯುವುದರಿಂದ ಸ್ವಿಚ್ಚೇ ಇಲ್ಲಿ ಡಿಸ್ಕ್ ಕೇಬಲ್. ಬಿದ್ದ ಸರ್ವರ್‌ನಲ್ಲಿ 15 ಟಿಬಿ ಡೇಟಾ ಇತ್ತೆಂದುಕೊಳ್ಳಿ. ಒಂದು 10 ಗಿಗಾಬಿಟ್ ಲಿಂಕ್ ಪೂರ್ತಿ ವೇಗದಲ್ಲಿ ಸಾಗಿಸಿದರೂ 3 ಗಂಟೆ 20 ನಿಮಿಷ. 25 ಗಿಗಾಬಿಟ್ ಆದರೆ 80 ನಿಮಿಷ. ವಿಎಂಗಳ ಕೆಲಸವೂ ನಡೆಯಬೇಕಾದ್ದರಿಂದ ನಿಜವಾಗಿ ಇದರ ಎರಡು-ಮೂರು ಪಟ್ಟು ಹಿಡಿಯಿರಿ. ಎನ್‌ವಿಎಂಇ ಡಿಸ್ಕ್‌ಗೆ ಹಣ ಹಾಕಿ 10 ಗಿಗಾಬಿಟ್ ಸ್ವಿಚ್‌ನಲ್ಲಿ ಉಳಿಸುವುದು ಸರಿಯಾದ ಉಳಿತಾಯವಲ್ಲ. ಎರಡು ಸ್ವಿಚ್, ಸರ್ವರ್‌ಗೆ ಎರಡು 25 ಗಿಗಾಬಿಟ್ ಪೋರ್ಟ್, ಒಂದೊಂದು ಒಂದೊಂದು ಸ್ವಿಚ್‌ಗೆ. ಜಂಬೋ ಫ್ರೇಂ, ಅಂದರೆ ದೊಡ್ಡ ಗಾತ್ರದ ಪ್ಯಾಕೆಟ್, ಹಾಕುವುದಾದರೆ ಸರ್ವರ್, ಸ್ವಿಚ್, ಸ್ವಿಚ್‌ಗಳ ನಡುವಿನ ಲಿಂಕ್ ಎಲ್ಲ ಕಡೆಯೂ ಗರಿಷ್ಠ ಗಾತ್ರ 9000 ಬೈಟ್ ಇರಬೇಕು. ಪರೀಕ್ಷಿಸುವುದು ಸುಲಭ: ಪ್ಯಾಕೆಟ್ ತುಂಡಾಗಬಾರದೆಂಬ ಆಯ್ಕೆ ಹಾಕಿ 8972 ಬೈಟ್‌ನ ಪಿಂಗ್ ಕಳಿಸಿ. ಚಿಕ್ಕ ಪಿಂಗ್ ಹೋಗಿ ಇದು ಹೋಗದಿದ್ದರೆ ದಾರಿಯಲ್ಲಿ ಎಲ್ಲೋ 1500 ಉಳಿದಿದೆ. ಅಂಥ ಕ್ಲಸ್ಟರ್ ಹಗಲೆಲ್ಲ ಸರಿಯಿದ್ದಂತೆ ತೋರಿ, ಭಾರ ಬಿದ್ದಾಗ ಸರ್ವರ್‌ಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ.

ಬೆಂಗಳೂರಿನಲ್ಲಿ ಅರ್ಧ, ಹುಬ್ಬಳ್ಳಿಯಲ್ಲಿ ಅರ್ಧ ಇಟ್ಟು ಒಂದೇ ಕ್ಲಸ್ಟರ್ ಮಾಡಬಹುದೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಎರಡೂ ಕಡೆ ಏಕಕಾಲದಲ್ಲಿ ಬರೆಯುವ ಕ್ಲಸ್ಟರ್‌ಗೆ ವಿ-ಸ್ಯಾನ್ ಕೇಳುವುದು ಹೋಗಿಬರಲು 5 ಮಿಲಿಸೆಕೆಂಡ್ ಒಳಗೆ. ಫೈಬರ್‌ನಲ್ಲಿ ಬೆಳಕಿಗೆ 100 ಕಿಲೋಮೀಟರ್ ಹೋಗಿಬರಲು 1 ಮಿಲಿಸೆಕೆಂಡ್ ಬೇಕು. ಹುಬ್ಬಳ್ಳಿ 400 ಕಿಲೋಮೀಟರ್ ಆಚೆ, ಕೇಬಲ್ ದಾರಿ ಅದಕ್ಕಿಂತ ಉದ್ದ, ನಡುವೆ ಉಪಕರಣಗಳು ಬೇರೆ. ಆಗದು. ಹುಬ್ಬಳ್ಳಿಗೆ ಕೆಲವು ನಿಮಿಷ ತಡವಾಗಿ ಪ್ರತಿ ಕಳಿಸುವ ರೆಪ್ಲಿಕೇಶನ್ ಇಡಿ.

ಲೈಸೆನ್ಸ್ ವಿಷಯಕ್ಕೆ ಬಂದರೆ, ಬ್ರಾಡ್‌ಕಾಂ 2023ರ ನವೆಂಬರ್‌ನಲ್ಲಿ ವಿಎಂವೇರನ್ನು ಕೊಂಡು, ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿತು. ಈಗ ಕೋರ್ ಲೆಕ್ಕದ ಚಂದಾ, ಪ್ರತಿ ಸಿಪಿಯುಗೆ ಕನಿಷ್ಠ 16 ಕೋರ್. ಎಂಟು ಕೋರ್‌ನ ಸಿಪಿಯು ಹಾಕಿದರೂ 16ಕ್ಕೆ ಕೊಡಬೇಕು. ಆಜೂರ್ ಲೋಕಲ್‌ನ ಪಟ್ಟಿ ಬೆಲೆ ಕೋರ್‌ಗೆ ತಿಂಗಳಿಗೆ 10 ಡಾಲರ್. ನಮ್ಮ ನಾಲ್ಕು ಸರ್ವರ್‌ಗಳಲ್ಲಿ ತಲಾ ಎರಡು 16 ಕೋರ್ ಸಿಪಿಯು ಇದ್ದರೆ 128 ಕೋರ್, ತಿಂಗಳಿಗೆ 1,280 ಡಾಲರ್. ಒಳಗಿನ ವಿಂಡೋಸ್ ವಿಎಂಗಳ ಲೈಸೆನ್ಸ್ ಬೇರೆ. ವಿಂಡೋಸ್ ಸರ್ವರ್ ಡೇಟಾಸೆಂಟರ್ ಲೈಸೆನ್ಸ್‌ಗೆ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಮೈಕ್ರೋಸಾಫ್ಟ್‌ನ ನವೀಕರಣ ಒಪ್ಪಂದ) ಇರುವವರು ಈ ಶುಲ್ಕದಿಂದ ವಿನಾಯಿತಿ ಕೇಳಬಹುದು, ಮೊದಲು ಅದನ್ನು ವಿಚಾರಿಸಿ. ಸಿಸ್ಕೋ ಇಂಥದೇ ತನ್ನ ಹೈಪರ್‌ಫ್ಲೆಕ್ಸ್ ವ್ಯವಸ್ಥೆಯನ್ನು ನಿಲ್ಲಿಸುವುದಾಗಿ 2023ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ್ದೂ ನೆನಪಿರಲಿ. ಐದು ವರ್ಷಕ್ಕೆಂದು ಕೊಳ್ಳುವಾಗ, ಈ ಸಾಫ್ಟ್‌ವೇರ್ ಬಿಟ್ಟರೆ ಇದೇ ಸರ್ವರ್‌ಗಳ ಮೇಲೆ ಇನ್ಯಾವುದು ಓಡುತ್ತದೆ ಎಂದು ಲಿಖಿತವಾಗಿ ಕೇಳಿ.

ವಿಎಂವೇರ್‌ನಿಂದ ನುಟಾನಿಕ್ಸ್‌ನ ಸ್ವಂತ ಹೈಪರ್‌ವೈಸರ್ ಎಎಚ್‌ವಿಗಾಗಲಿ ಪ್ರಾಕ್ಸ್‌ಮಾಕ್ಸ್‌ಗಾಗಲಿ ಹೋಗುವವರಿಗೆ ಕೆಲಸ ಹೆಚ್ಚುಕಮ್ಮಿ ಒಂದೇ, ಎರಡರ ಬುಡದಲ್ಲೂ ಇರುವುದು ಕೆವಿಎಂ ಎಂಬ ಲಿನಕ್ಸ್ ಹೈಪರ್‌ವೈಸರ್. ವಿಂಡೋಸ್ ವಿಎಂಗಳಲ್ಲಿ ಕೆವಿಎಂನ ಡಿಸ್ಕ್, ನೆಟ್‌ವರ್ಕ್ ಗುರುತಿಸುವ ವರ್ಟ್‌ಐಒ ಡ್ರೈವರ್‌ಗಳನ್ನು ಹೊರಡುವ ಮೊದಲೇ ಹಾಕಿ. ಇಲ್ಲದಿದ್ದರೆ ಆಚೆ ದಡದಲ್ಲಿ ಬೂಟ್ ಡಿಸ್ಕ್ ಸಿಗದೆ ನೀಲಿ ಪರದೆ. ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಿ. ನೆಟ್‌ವರ್ಕ್ ಕಾರ್ಡ್ ಹೊಸದಾಗಿ ಕಾಣುವುದರಿಂದ ಕೈಯಾರೆ ಕೊಟ್ಟ ಐಪಿ ವಿಳಾಸ ಬಿಟ್ಟುಹೋಗಬಹುದು, ಪಟ್ಟಿ ಬರೆದಿಟ್ಟುಕೊಳ್ಳಿ.

ಎಲ್ಲರಿಗೂ ಇದು ಬೇಕೇ? ಬೇಡ. ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳಂತೆ ಡೇಟಾ ಮಾತ್ರ ಬೆಳೆಯುತ್ತ ಸಿಪಿಯು ಕೆಲಸ ಇದ್ದಷ್ಟೇ ಇರುವ ಕಡೆ, ಡಿಸ್ಕ್‌ಗಾಗಿ ಸರ್ವರ್ ಕೊಂಡು ಕೋರ್‌ಗೆ ಲೈಸೆನ್ಸ್ ಕಟ್ಟುತ್ತ ಹೋಗಬೇಕಾಗುತ್ತದೆ. ಆ ಚಿತ್ರಗಳು ನ್ಯಾಸ್ (ನೆಟ್‌ವರ್ಕ್ ಮೂಲಕ ಫೈಲ್ ಕೊಡುವ ಸ್ಟೋರೇಜ್) ಪೆಟ್ಟಿಗೆಯಲ್ಲಿರಲಿ. ಬ್ಯಾಕಪ್ ಕೂಡ ಕ್ಲಸ್ಟರ್‌ನ ಹೊರಗೆ, ಬೇರೆ ಪಾಸ್‌ವರ್ಡ್‌ನ ಹಿಂದೆ ಇರಬೇಕು. ಎರಡು ಪ್ರತಿ ಇದ್ದರೂ ರ‍್ಯಾನ್ಸಮ್‌ವೇರ್ ಎರಡನ್ನೂ ಒಟ್ಟಿಗೇ ಕೆಡಿಸುತ್ತದೆ.

ಖರೀದಿಗೆ ಮುನ್ನ ಎರಡು ವಾರ ಯಂತ್ರ ತರಿಸಿಕೊಂಡು ಪರೀಕ್ಷೆ ಮಾಡಿ. ಮೊದಲು 70 ಶೇಕಡಾ ತುಂಬಿಸಿ, ಸೊನ್ನೆಗಳಿಂದಲ್ಲ, ಕುಗ್ಗದ ಯಾದೃಚ್ಛಿಕ ಡೇಟಾದಿಂದ. ನಂತರ 8 ಕೆಬಿ ಬ್ಲಾಕ್, 70 ಪಾಲು ಓದು, 30 ಪಾಲು ಬರಹ, ಯಾದೃಚ್ಛಿಕ ಜಾಗಗಳಲ್ಲಿ, ಕನಿಷ್ಠ ನಾಲ್ಕು ಗಂಟೆ. ಹತ್ತು ನಿಮಿಷದ ಪರೀಕ್ಷೆ ಕ್ಯಾಶ್‌ನ ವೇಗವನ್ನಷ್ಟೇ ಅಳೆಯುತ್ತದೆ. ಸರಾಸರಿ ಲೇಟೆನ್ಸಿಯನ್ನು (ಉತ್ತರ ಬರಲು ಹಿಡಿಯುವ ಸಮಯ) ಬಿಟ್ಟು 99ನೇ ಪರ್ಸೆಂಟೈಲ್, ಅಂದರೆ ಅತಿ ನಿಧಾನದ ಶೇಕಡಾ ಒಂದು ಪಾಲು ಶುರುವಾಗುವ ಮಟ್ಟ, ಬರೆದುಕೊಳ್ಳಿ. ಕೌಂಟರ್‌ನಲ್ಲಿ ಕೂತವರು ಬೈಯುವುದು ಆ ಒಂದು ಪಾಲಿಗೆ. ಈ ಭಾರ ನಡೆಯುತ್ತಿರುವಾಗಲೇ ಒಂದು ಡಿಸ್ಕ್ ಎಳೆಯಿರಿ. ಸರಿಹೋದ ಮೇಲೆ ಒಂದು ಸ್ವಿಚ್ ಆರಿಸಿ. ಕೊನೆಗೆ ಒಂದು ಸರ್ವರ್‌ನ ಎರಡೂ ಪವರ್ ಕೇಬಲ್ ಕಿತ್ತು ಗಡಿಯಾರ ನೋಡಿ: ವಿಎಂಗಳು ಬೇರೆಡೆ ಏಳಲು ಎಷ್ಟು ನಿಮಿಷ, ಪ್ರತಿಗಳು ಪೂರ್ಣವಾಗಲು ಎಷ್ಟು ಗಂಟೆ, ಅಷ್ಟು ಹೊತ್ತು ಲೇಟೆನ್ಸಿ ಎಷ್ಟು ಪಟ್ಟು. ಮಾರುವ ಕಂಪನಿಯ ಎಂಜಿನಿಯರ್ ಪಕ್ಕದಲ್ಲಿರಲಿ, ಆದರೆ ಕೇಬಲ್ ಕೀಳುವುದು ಮತ್ತು ಆಮೇಲೆ ಪರದೆಯ ಮುಂದೆ ಕೂರುವುದು ನಾಳೆ ಅದನ್ನು ನೋಡಿಕೊಳ್ಳಬೇಕಾದ ನಿಮ್ಮ ಸಿಬ್ಬಂದಿಯೇ ಆಗಿರಲಿ.