ತೋಡಿನ ಕಟ್ಟದ ಕೆಲಸಕ್ಕೆ ಭಾವ ಬಾರದಿದ್ದರೆ ಕೇಳುವುದು ಹೇಗೆ?

ಪ್ರಶ್ನೆ: ನಮ್ಮ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಪ್ರತಿವರ್ಷ ಎಲ್ಲರೂ ಸೇರಿ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಹಾಕುತ್ತೇವೆ. ನೆರೆಮನೆಯವರು ಬಾರದಿದ್ದರೆ ನಾನೇ ಹೋಗಿ ಕೇಳುತ್ತೇನೆ. ಆದರೆ ನನ್ನ ಭಾವ ಎರಡು ವರ್ಷದಿಂದ ಬರುತ್ತಿಲ್ಲ. ಅವರಲ್ಲಿ ಕೇಳಲು ಬಾಯಿ ಬರುವುದಿಲ್ಲ. ಯಾಕೆ ಹೀಗೆ?

ಉತ್ತರ: ಕಾಸರಗೋಡಿನ ಕಡೆ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಒಮ್ಮೆ ಕಟ್ಟ, ಒಮ್ಮೆ ದೇವಸ್ಥಾನದ ವಂತಿಗೆ, ಒಮ್ಮೆ ದಾರಿ ರಿಪೇರಿ.

ಏತಡ್ಕದಂಥ ಊರುಗಳಲ್ಲಿ ಮಳೆ ಕಡಿಮೆಯಾದ ಮೇಲೆ ತೋಡಿಗೆ ಅಡ್ಡ ಕಟ್ಟ ಹಾಕುತ್ತಾರೆ. ನಿಂತ ನೀರು ನೆಲಕ್ಕಿಳಿದು ಸುತ್ತಲಿನ ಬಾವಿಗಳಿಗೆ ಬರುತ್ತದೆ. ಕಲ್ಲು ಹೊತ್ತವರ ಬಾವಿಗೂ ಬರುತ್ತದೆ, ಮನೆಯಲ್ಲೇ ಕೂತವರ ಬಾವಿಗೂ ಬರುತ್ತದೆ. ನೆಲದೊಳಗಿನ ನೀರಿಗೆ ಬೇಲಿ ಹಾಕಲು ಆಗುವುದಿಲ್ಲ ಅಲ್ವಾ? ಹಾಗಾಗಿ ಬಾರದವರನ್ನು ಯಾರಾದರೂ ಕೇಳಲೇಬೇಕು.

ತಪ್ಪಿದವರನ್ನು ಕೇಳುವ ಗುಣ ಜನರಲ್ಲಿ ಇದೆ. 2004ರಲ್ಲಿ ಅರ್ಥಶಾಸ್ತ್ರಜ್ಞರಾದ ಅರ್ನ್ಸ್ಟ್ ಫೆರ್ ಮತ್ತು ಉರ್ಸ್ ಫಿಶ್‌ಬಾಕರ್ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಬ್ಬನ ಕೈಯಲ್ಲಿ 100 ಅಂಕ. ಕೊನೆಗೆ ಅದಕ್ಕೆ ದುಡ್ಡು ಸಿಗುತ್ತದೆ. ಇನ್ನೊಬ್ಬನಿಗೆ ಏನೂ ಇಲ್ಲ. ಮೊದಲಿನವನು ಬೇಕಾದರೆ ಹಂಚಬಹುದು, ಬೇಡವಾದರೆ ಇಲ್ಲ. ನೋಡುವ ಮೂರನೆಯವನ ಹತ್ತಿರ 50 ಅಂಕ. ಅವನು ತನ್ನ 1 ಅಂಕ ಬಿಟ್ಟರೆ ಮೊದಲಿನವನ 3 ಅಂಕ ಹೋಗುತ್ತದೆ. ಅದರಿಂದ ಅವನಿಗೇನೂ ಲಾಭವಿಲ್ಲ. ಆದರೂ ಅರ್ಧಕ್ಕಿಂತ ಕಡಿಮೆ ಹಂಚಿದಾಗ, ನೋಡುವವರಲ್ಲಿ ಸುಮಾರು ಶೇಕಡಾ 60 ಮಂದಿ ಕೈಯಿಂದ ಕಳೆದುಕೊಂಡು ದಂಡ ಹಾಕಿದರು.

ಆದರೆ ಅಲ್ಲಿದ್ದವರು ಯಾರ್ಯಾರೆಂದು ಪರಸ್ಪರ ಗೊತ್ತಿರಲಿಲ್ಲ. ನೀವು ಕಳೆದುಕೊಳ್ಳುವುದು ಅಂಕವಲ್ಲ. ಅಕ್ಕನ ಮನೆಗೆ ಹೋಗಿಬರುವ ಸಲಿಗೆ. ಪೂಜೆ, ಮದುವೆಗಳಲ್ಲಿ ಎದುರಾದಾಗ ಆಡುವ ಎರಡು ಮಾತು. ನಡುವೆ ಸಿಕ್ಕಿಕೊಳ್ಳುವವಳು ಅಕ್ಕ. ಅಮೆರಿಕದ ಸಂಶೋಧಕರು 2020ರಲ್ಲಿ ಇದನ್ನೇ ನೋಡಿದರು. ತಪ್ಪು ದೊಡ್ಡದಿದ್ದರೂ ಜನ ತಮ್ಮವರನ್ನು ಹೊರಗಿನ ಶಿಕ್ಷೆಯಿಂದ ಕಾಪಾಡಲು ನೋಡುತ್ತಾರೆ. ಆದರೆ ತಾವೇ ತಿದ್ದಬೇಕು ಎಂಬ ಆಸೆಯೂ ಅವರಲ್ಲಿರುತ್ತದೆ.

ನಿಮ್ಮದೂ ಅದೇ ದಾಕ್ಷಿಣ್ಯ. ನನಗೆ ಅದು ಅರ್ಥವಾಗುತ್ತದೆ. ಆದರೆ ಭಾವನ ಪಾಲಿನ ಕಲ್ಲನ್ನು ಎರಡು ವರ್ಷದಿಂದ ಹೊರುತ್ತಿರುವವರು ಯಾರು? ನೀವು ಮನೆಗೇ ಹೋಗಿ ಕೇಳಿದ ಅದೇ ನೆರೆಮನೆಯವರು. ಅವರು ಬಾಯಿಬಿಟ್ಟು ಹೇಳದೆ ಇರಬಹುದು. ಲೆಕ್ಕ ಮಾತ್ರ ಇಟ್ಟಿರುತ್ತಾರೆ.

ಕಟ್ಟದ ದಿನ ಎಲ್ಲರೆದುರು ಕೇಳಬೇಡಿ. ಮೊದಲೇ ಒಂದು ಸಂಜೆ ಭಾವನ ಮನೆಗೆ ಹೋಗಿ. ಯಾಕೆ ಬರಲಾಗಲಿಲ್ಲ ಎಂದು ವಿಚಾರಿಸಿ. ಸೊಂಟನೋವೇ ಇರಬಹುದು, ಯಾರ ಮೇಲಾದರೂ ಹಳೇ ಸಿಟ್ಟಿರಬಹುದು. ಬರಲು ಆಗದಿದ್ದರೆ ಒಬ್ಬ ಆಳನ್ನು ಕಳಿಸಲಿ, ಇಲ್ಲವೇ ಆ ದಿನದ ಊಟದ ಖರ್ಚು ನೋಡಿಕೊಳ್ಳಲಿ. ಹಾಗೆ ಒಪ್ಪಿದರೆ, ಈ ಸಲದ ಕಟ್ಟಕ್ಕೆ ದಿನ ಗೊತ್ತುಮಾಡುವ ಮೊದಲೇ ನೆರೆಮನೆಯವರಿಗೂ ಅದೇ ಅನುಕೂಲ ಉಂಟೆಂದು ಹೇಳಿಬಿಡಿ.