ಹೀಟ್ ಆಗಿರೋದು ಇಂಜಿನ್ನಾ, ಮೀಟರಾ?

ಹೋದ ಬೇಸಿಗೆಯಲ್ಲಿ ಪಾಂಡವಪುರದ ಕಡೆಯ ಮೇಷ್ಟ್ರೊಬ್ಬರು ಮಂಡ್ಯದ ನಮ್ಮ ಗ್ಯಾರೇಜಿಗೆ ಬಂದರು. 1998ರ ಕಾರ್ಬುರೇಟರ್ ಕಾರು, ಮಗುವಿನ ಹಾಗೆ ನೋಡಿಕೊಂಡಿದ್ದಾರೆ. "ಹೀಟ್ ಆಗ್ತಿದೆ ಕಣಪ್ಪ, ಏನು ಮಾಡಿಸಿದರೂ ನಿಲ್ತಿಲ್ಲ" ಅಂದರು. ಬೇರೆ ಕಡೆ ಆಗಲೇ ಹೊಸ ರೇಡಿಯೇಟರ್ ಹಾಕಿಸಿದ್ದರು, ಇಂಜಿನ್ ಕಾದ ಮೇಲೆ ಮಾತ್ರ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ವಾಲ್ವ್ ತೆಗೆಸಿದ್ದರು, ಫ್ಯಾನನ್ನು ಕೀ ಹಾಕಿದ ತಕ್ಷಣ ತಿರುಗುವ ಹಾಗೆ ಡೈರೆಕ್ಟ್ ಮಾಡಿಸಿದ್ದರು. ದುಡ್ಡು ಹೋಯಿತು, ಮೀಟರ್ ಮುಳ್ಳು ಮಾತ್ರ ಏರುವುದು ಬಿಡಲಿಲ್ಲ.

"ಯಾವಾಗ ಏರುತ್ತೆ ಮೇಷ್ಟ್ರೇ?" ಅಂತ ಕೇಳಿದೆ. "ರಾತ್ರಿ ಹೊತ್ತೇ ಜಾಸ್ತಿ" ಅಂದರು.

ಮಟಮಟ ಮಧ್ಯಾಹ್ನ ಸುಮ್ನಿರುವ ಇಂಜಿನ್ ರಾತ್ರಿ ತಂಪಿನಲ್ಲಿ ಯಾಕೆ ಕಾಯಬೇಕು? ಗಾಡಿ ಸ್ಟಾರ್ಟ್ ಮಾಡಿ ಹೆಡ್‌ಲೈಟ್ ಹಾಕಿದೆ. ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೆ ಹೋಯಿತು. ಪಕ್ಕದಲ್ಲಿ ಪೆಟ್ರೋಲ್ ಮುಳ್ಳೂ ಮೇಲೆ ಹೋಯಿತು. ಲೈಟ್ ಆರಿಸಿದರೆ ಎರಡೂ ಕೆಳಗೆ. ಲೈಟ್ ಹಾಕಿದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಹೆಚ್ಚುವುದಿಲ್ಲ, ಹಾಗೇ ಇಂಜಿನ್ನೂ ಕಾಯುವುದಿಲ್ಲ. ಡ್ಯಾಶ್‌ಬೋರ್ಡ್ ಒಳಗೆ ಮೀಟರಿನ ಅರ್ಥ್ ವೈರ್ (ಕರೆಂಟ್ ಬಾಡಿಗೆ ವಾಪಸ್ ಹೋಗುವ ದಾರಿ) ಹಿಡಿದಿದ್ದ ಸ್ಕ್ರೂ ತುಕ್ಕು ಹಿಡಿದು ಕೆಂಪಗಾಗಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ ಮೇಲೆ ಎರಡು ಮುಳ್ಳೂ ಅಲ್ಲಾಡಲಿಲ್ಲ. ಹತ್ತು ನಿಮಿಷದ ಕೆಲಸ.

ಅದಕ್ಕೇ ಹೇಳುವುದು, ಹಳೇ ಕಾರಿನಲ್ಲಿ ಮುಳ್ಳು ಏರಿದರೆ ಸ್ಪ್ಯಾನರ್ ಹಿಡಿಯುವ ಮೊದಲು ಬಿಸಿ ನಿಜವಾ ಸುಳ್ಳಾ ಅಂತ ತಿಳಿದುಕೊಳ್ಳಿ.

ಮುಳ್ಳಿಗೆ ಬಿಸಿ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಕರೆಂಟ್ ಮಾತ್ರ. ಇಂಜಿನ್ ನೀರಿನೊಳಗೆ ಒಂದು ಸೆನ್ಸರ್ ಮುಳುಗಿರುತ್ತದೆ. ಬಿಸಿ ಹೆಚ್ಚಿದ ಹಾಗೆ ಅದರ ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ, ಕರೆಂಟ್ ಜಾಸ್ತಿ ಹರಿಯುತ್ತದೆ, ಮುಳ್ಳು ಏರುತ್ತದೆ. ಮೀಟರ್ ಸೆನ್ಸರಿಗೆ ಒಂದೇ ವೈರ್ ಇರುವ ಹಳೇ ಗಾಡಿಗಳಲ್ಲಿ ಪರೀಕ್ಷೆ ಸುಲಭ. ಕೀ ಆನ್ ಮಾಡಿ ಆ ವೈರ್ ಕಿತ್ತರೆ ಮುಳ್ಳು C (ತಂಪು) ಕಡೆ ಬೀಳಬೇಕು. ಅದೇ ವೈರನ್ನು ಒಂದು ಕ್ಷಣ ಇಂಜಿನ್ ಬಾಡಿಗೆ ಮುಟ್ಟಿಸಿದರೆ H (ಬಿಸಿ) ಕಡೆ ಓಡಬೇಕು. ಎರಡೂ ಆದರೆ ಮೀಟರ್, ವೈರ್ ಸರಿ ಇವೆ, ಸೆನ್ಸರ್ ನೋಡಿ. ವೈರ್ ಕಿತ್ತರೂ ಮುಳ್ಳು H ಬಿಟ್ಟು ಇಳಿಯದಿದ್ದರೆ ಆ ವೈರ್ ದಾರಿಯಲ್ಲಿ ಎಲ್ಲೋ ಸುಲಿದು ಬಾಡಿಗೆ ತಗುಲುತ್ತಿದೆ, ಇಲ್ಲವೇ ಮೀಟರೇ ಹೋಗಿದೆ. ಎರಡು ವೈರಿನ ಸೆನ್ಸರ್ ಇಂಜಿನ್ ಕಂಪ್ಯೂಟರಿನದು, ಅದರಲ್ಲಿ ಈ ಆಟ ಬೇಡ. ಬೆಳಿಗ್ಗೆ ತಣ್ಣಗಿರುವ ಗಾಡಿಗೆ ಕೀ ಹಾಕಿದ ಹತ್ತು ಸೆಕೆಂಡಿಗೇ ಮುಳ್ಳು H ಮುಟ್ಟಿದರೆ ಯೋಚನೆಯೇ ಬೇಡ, ಯಾವ ಇಂಜಿನ್ನೂ ಹತ್ತು ಸೆಕೆಂಡಿನಲ್ಲಿ ಕಾಯುವುದಿಲ್ಲ.

ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಟೆಂಪರೇಚರ್ ಗನ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ. ನಾನು ಥರ್ಮೋಸ್ಟಾಟ್ ಡಬ್ಬಿಯ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯುತ್ತೇನೆ.

ಇಷ್ಟು ಹೊತ್ತು ಹೇಳಿದ್ದು ಏರುವ ಮುಳ್ಳಿನ ವಿಷಯ. ನನಗೆ ನಿಜವಾಗಿ ಭಯ ಇರುವುದು ಇಳಿಯುವ ಮುಳ್ಳಿನ ಬಗ್ಗೆ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಪೈಪ್ ಒಡೆದು ನೀರೆಲ್ಲ ಹೋದರೆ ಅದು ಬರೀ ಗಾಳಿಯಲ್ಲಿ ನಿಂತಿರುತ್ತದೆ, ಆಗ ಮುಳ್ಳು ಏರುವ ಬದಲು ಕೆಳಗೆ ಬರಬಹುದು. ಮದ್ದೂರಿನ ಹತ್ತಿರ ನಿಂತ ಒಂದು ವ್ಯಾನನ್ನು ಎಳೆದು ತಂದಿದ್ದೆವು. "ಮುಳ್ಳು ಮುಕ್ಕಾಲಿಗೆ ಬಂದಿತ್ತು, ಆಮೇಲೆ ತಾನೇ ಇಳೀತಣ್ಣ, ಸದ್ಯ ತಣ್ಣಗಾಯ್ತು ಅಂತ ಓಡಿಸಿಕೊಂಡು ಬಂದೆ" ಅಂದ ಡ್ರೈವರ್. ಕೆಳಗಿನ ಪೈಪ್ ಸೀಳಿತ್ತು, ಇಂಜಿನ್ನಿನ ಮೇಲ್ಭಾಗದ ಹೆಡ್ ಸೊಟ್ಟಗಾಗಿ, ಅದರ ಕೆಳಗೆ ಸೀಲ್ ಮಾಡುವ ಗ್ಯಾಸ್ಕೆಟ್ ಸುಟ್ಟು ಹೋಗಿತ್ತು. ಆ ಹುಡುಗನ ಮುಖ ಇವತ್ತಿಗೂ ನೆನಪಿದೆ, ಅವನದು ಏನೂ ತಪ್ಪಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ. ಏರಿದ ಮುಳ್ಳು ಕಾರಣವಿಲ್ಲದೆ ದಿಢೀರ್ ಅಂತ ಬಿದ್ದರೆ ತಕ್ಷಣ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗೆ ಪ್ರೆಶರ್ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ, ಮುಚ್ಚಳ ಸಡಿಲ ಮಾಡಿದ ಕ್ಷಣಕ್ಕೆ ಕುದಿದು ಮುಖಕ್ಕೆ ಹಾರುತ್ತದೆ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯುವುದಂತೂ ಬೇಡವೇ ಬೇಡ.

ಬಿಸಿ ನಿಜವೇ ಆಗಿದ್ದರೆ ಯಾವಾಗ ಕಾಯುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡಿಸಿದರೆ ಇಳಿದರೆ ಫ್ಯಾನ್ ನೋಡಿ: ಮೋಟಾರ್, ರಿಲೇ, ಫ್ಯೂಸ್, ನೀರು ಕಾದಾಗ ಫ್ಯಾನ್ ಆನ್ ಮಾಡುವ ಥರ್ಮೋ ಸ್ವಿಚ್. ಅಂಬಾಸಿಡರ್ ತರದ ಗಾಡಿಯಲ್ಲಿ ಫ್ಯಾನ್ ತಿರುಗಿಸುವುದು ಬೆಲ್ಟ್, ಅದು ಸಡಿಲವಾಗಿದೆಯಾ ನೋಡಿ. ಊರೊಳಗೆ ಸರಿ ಇದ್ದು ಬೆಂಗಳೂರು ಎಕ್ಸ್‌ಪ್ರೆಸ್‌ವೇ ಹತ್ತಿದ ಅರ್ಧ ಗಂಟೆಗೆ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ವಾಟರ್ ಪಂಪ್ ಸೋತಿರಬಹುದು. ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಏರಿದರೂ ಉಡಾಫೆ ಮಾಡಬೇಡಿ, ಗಾಡಿ ನಿಧಾನ, ಇಂಜಿನ್ನಿಗೆ ಭಾರ ಜಾಸ್ತಿ, ಸಣ್ಣ ದೋಷ ಮೊದಲು ಕಾಣುವುದೇ ಅಲ್ಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಒಂದು ನಿಮಿಷಕ್ಕೇ ಮೇಲಿನ ಪೈಪ್ ಕಲ್ಲಿನ ಹಾಗೆ ಗಟ್ಟಿಯಾದರೆ, ಆಯಿಲ್ ಮುಚ್ಚಳದ ಒಳಗೆ ಹಾಲು ಕಾಫಿ ಬಣ್ಣ ಕಂಡರೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.

ನಮ್ಮ ಕಡೆಗೇ ಸೇರಿದ ಎರಡು ಕಾರಣಗಳಿವೆ. ಸುಗ್ಗಿಯಲ್ಲಿ ರಾಗಿ, ಹುರುಳಿ ಒಕ್ಕಣೆ ಟಾರು ರಸ್ತೆ ಮೇಲೇ ನಡೆಯುತ್ತದಲ್ವಾ, ಅದರ ಮೇಲೆ ಹೋದ ಗಾಡಿಯ ರೇಡಿಯೇಟರಿಗೆ ಹೊಟ್ಟು ಮೆತ್ತಿಕೊಂಡು ಗಾಳಿಯೇ ಆಡುವುದಿಲ್ಲ. ಎಸಿ ಇರುವ ಗಾಡಿಯಲ್ಲಿ ಅದು ಮುಂದಿನ ಕಂಡೆನ್ಸರ್‌ಗೂ ರೇಡಿಯೇಟರಿಗೂ ನಡುವೆ ಕೂತಿರುತ್ತದೆ, ಹೊರಗಿಂದ ನೋಡಿದರೆ ಕಾಣುವುದಿಲ್ಲ. ಇಂಜಿನ್ ಕಡೆಯಿಂದ ಹೊರಕ್ಕೆ, ನಿಧಾನಕ್ಕೆ ನೀರು ಬಿಡಿ. ಎರಡನೆಯದು ಬೋರ್‌ವೆಲ್ ನೀರು. ಆ ಗಡಸು ನೀರು ಸ್ನಾನದ ಮನೆ ಹಂಡೆಗೆ ಬಿಳಿ ಪದರ ಕಟ್ಟುವ ಹಾಗೆ ರೇಡಿಯೇಟರ್ ನಾಳಗಳಿಗೂ ಕಟ್ಟುತ್ತದೆ. ಕೂಲಂಟ್, ಜೊತೆಗೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್, ಬೇರೆ ಏನೂ ಬೇಡ. ಹಳೇ ಹಿತ್ತಾಳೆ ರೇಡಿಯೇಟರ್ ಆದರೆ ಬಿಚ್ಚಿಸಿ ರಾಡಿಂಗ್ (ನಾಳಗಳೊಳಗೆ ಸಣ್ಣ ಕಡ್ಡಿ ಆಡಿಸಿ ಶುದ್ಧ ಮಾಡುವುದು) ಮಾಡಿಸಬಹುದು.

ಥರ್ಮೋಸ್ಟಾಟ್ ತೆಗೆದು ಬಿಸಾಕುವ ಅಭ್ಯಾಸ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅದು ಇಲ್ಲದ ಇಂಜಿನ್ ಬೇಕಾದಷ್ಟು ಬಿಸಿಗೆ ಬರುವುದೇ ನಿಧಾನ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಮೇಷ್ಟ್ರ ಗಾಡಿಗೆ ಹೊಸದು ತರಿಸಿ, ಹಾಕುವ ಮೊದಲು ಟೀ ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಇಳಿಬಿಟ್ಟು ಥರ್ಮಾಮೀಟರ್ ಇಟ್ಟೆ. ವಾಲ್ವ್ ಮೇಲೆ 82 ಅಂತ ಬರೆದಿತ್ತು, ಅಂದರೆ ಸುಮಾರು 82 ಡಿಗ್ರಿಗೆ ಬಾಯಿ ಬಿಡಬೇಕು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡುತ್ತಿದ್ದರು. 80 ದಾಟಿತು, 82, 83, ತಟ್ಟೆ ಕೂದಲೆಳೆಯಷ್ಟು ಬಾಯಿ ಬಿಟ್ಟಿತು. "ಈಗ ಹಾಕಪ್ಪ" ಅಂದರು. ಫ್ಯಾನಿನ ವೈರನ್ನೂ ಮತ್ತೆ ಥರ್ಮೋ ಸ್ವಿಚ್ಚಿಗೇ ಕೊಟ್ಟು ಕಳಿಸಿದೆ.